ಸೂರು ಮುಟ್ಟದ ಗೋಡೆ

ಕೆಂಡಮ್ಮನಿಗೆ ಸಿಟ್ಟು ಬಂದ ದಿನ ಇಸ್ತ್ರಿಪೆಟ್ಟಿಗೆಗೆ ಇದ್ದಿಲು ಬೇಕಾಗುತ್ತಿರಲಿಲ್ಲ. ಇದನ್ನು ಸುಳ್ಳು ಎನ್ನುವವರು ಆ ಸಾಲುಮನೆಯಲ್ಲಿ ಅರ್ಧ ದಿನವೂ ಇದ್ದವರಲ್ಲ. ಅವಳು ಗಂಟಲು ಸರಿಮಾಡಿಕೊಂಡರೆ ಸಾಕು, ಈ ತುದಿಯ ಮನೆಯ ಕೂಸು ಅಳು ನಿಲ್ಲಿಸುತ್ತಿತ್ತು, ಆ ತುದಿಯ ಮನೆಯ ತಾತ ಅಳು ಶುರು ಮಾಡುತ್ತಿದ್ದ. ಬೀದಿನಾಯಿಗಳು ಅವಳ ಬಾಗಿಲ ಮುಂದೆ ಬಂದಾಗ ಬಾಲ ಮಡಚಿಕೊಂಡು, ಸಾಲಾಗಿ, ಬಲಗಡೆಯಿಂದಲೇ ಹೋಗುತ್ತಿದ್ದವು. ಬಾಗಿಲ ಪಕ್ಕ ಇಟ್ಟಿಗೆಯಲ್ಲಿ ಕಟ್ಟಿದ ಕಟ್ಟೆ. ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಊರಿನ ಅರ್ಧ ಸರ್ಕಾರ: ಗುಮಾಸ್ತರ ಪ್ಯಾಂಟು, ಮೇಷ್ಟರ ಪಂಚೆ, ಸಾಹೇಬರ ಅಂಗಿ. ಎಲ್ಲರನ್ನೂ ಅವಳು ದಿನಾ ಬೆಳಿಗ್ಗೆ ಚಪ್ಪಟೆ ಮಾಡಿ ಮಡಚಿಡುತ್ತಿದ್ದಳು.

ಆ ಸಾಲುಮನೆಗಳನ್ನು ಕಟ್ಟಿಸಿದ್ದು ಹಿಂದಿನ ನೂಲಿನ ಗಿರಣಿಯ ಯಜಮಾನ. ಅವನ ಕೈ ಎಷ್ಟು ಬಿಗಿಯೆಂದರೆ, ತನ್ನ ನೆರಳು ನೆಲಕ್ಕೆ ತಾಗಿ ಸವೆದುಹೋದೀತು ಎಂದು ಮೋಡದ ದಿನ ಮಾತ್ರ ಹೊರಗೆ ಬರುತ್ತಿದ್ದನಂತೆ. ಮನೆಮನೆಯ ನಡುವಿನ ಗೋಡೆ ಆಳೆತ್ತರಕ್ಕೆ ಬಂದಾಗ ಒಮ್ಮೆ ನೋಡಲು ಬಂದ. "ಕೂಲಿಯವರ ತಲೆ ಇದಕ್ಕಿಂತ ಮೇಲೆ ಹೋಗೋದಿಲ್ಲವಲ್ಲ, ಸಾಕು ನಿಲ್ಲಿಸಿ" ಅಂದ. ನಿಲ್ಲಿಸಿದರು. ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಉದ್ದನೆಯ ತಗಡಿನ ಮಾಡು. ಗೋಡೆಗೂ ಮಾಡಿಗೂ ನಡುವೆ ಒಂದು ಮಗುವನ್ನು ನಿಲ್ಲಿಸುವಷ್ಟು ಖಾಲಿ.

ಆ ಖಾಲಿಯಲ್ಲಿ ಏನೇನು ಓಡಾಡುತ್ತಿತ್ತು ಎಂದು ಕೇಳಬೇಡಿ. ಒಂದು ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಇಡೀ ಸಾಲು ಸೀನುತ್ತಿತ್ತು. ಮೊದಲ ಮನೆಯ ಗಂಡ ಹೆಂಡತಿಗೆ ಸುಳ್ಳು ಹೇಳಿದರೆ ನಾಲ್ಕನೆಯ ಮನೆಯಿಂದ "ಅಲ್ಲ ಅತ್ತಿಗೆ, ನಿನ್ನೆ ಅಣ್ಣ ಇಸ್ಪೀಟಿಗೆ ಹೋಗಿದ್ದ" ಎಂದು ತಿದ್ದುಪಡಿ ಬರುತ್ತಿತ್ತು. ಉಪ್ಪು, ಸೌಟು, ಜ್ವರದ ಮಾತ್ರೆ, ಹಾಲು ಕುಡಿಯುವ ಕೂಸು, ಎಲ್ಲವೂ ಗೋಡೆಯ ಮೇಲಿಂದಲೇ ಹೋಗಿ ಗೋಡೆಯ ಮೇಲಿಂದಲೇ ಬರುತ್ತಿದ್ದವು.

ಕೆಂಡಮ್ಮನ ಪಕ್ಕದ ಮನೆಯಲ್ಲಿದ್ದವಳು ಅವಳ ವಾರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ. ಗಾರೆ ಕೆಲಸದವಳು. ಸಿಮೆಂಟು ಹಚ್ಚುವ ಕರಣೆ ಸದಾ ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದರಿಂದ ಅವಳ ಹೆಸರೇ ಕರಣೆ ಎಂದಾಗಿತ್ತು. ಗಿರಣಿಯಲ್ಲಿ ದುಡಿಯುತ್ತಿದ್ದ ಅಣ್ಣತಮ್ಮಂದಿರಿಬ್ಬರೂ ಹತ್ತಿಯ ಧೂಳು ಕುಡಿದು ಕೆಮ್ಮಿ ಕೆಮ್ಮಿ ಹೋದ ಮೇಲೆ, ಮಕ್ಕಳು ಕೂಲಿ ಹುಡುಕಿಕೊಂಡು ಬೇರೆ ಊರು ಸೇರಿದ ಮೇಲೆ, ವಾರಗಿತ್ತಿಯರಿಬ್ಬರಿಗೂ ಉಳಿದದ್ದು ಆ ಗೋಡೆ ಮತ್ತು ಆ ಗೋಡೆಯ ಮೇಲಿನ ಜಗಳ. ಜಗಳ ಶುರುವಾದದ್ದು ಒಂದು ತೂತು ಬಕೆಟ್ಟಿಗೆ ಎಂದು ಕೆಂಡಮ್ಮ, ಬಕೆಟ್ಟು ತೂತಾದದ್ದೇ ಜಗಳದಿಂದ ಎಂದು ಕರಣೆ. ಒಬ್ಬರ ಹೊಸ್ತಿಲು ಒಬ್ಬರು ತುಳಿದವರಲ್ಲ. ಆದರೆ ಬೆಳಗಿನ ಜಗಳವಾಗದೆ ಇಬ್ಬರಿಗೂ ಗಂಟಲಲ್ಲಿ ಚಾ ಇಳಿಯುತ್ತಿರಲಿಲ್ಲ.

ಗಿರಣಿ ಮುಚ್ಚಿತು. ಯಜಮಾನ ಸತ್ತ. ಜಾಗ ಮಾರಿ ಕೈತೊಳೆದುಕೊಳ್ಳಲು ಅವನ ಮೊಮ್ಮಕ್ಕಳು ಒಬ್ಬ ಮ್ಯಾನೇಜರನ್ನು ಕಳಿಸಿದರು. ಆತ ಸೊಂಟದಲ್ಲಿ ಎಷ್ಟು ಬೀಗದ ಕೈ ಕಟ್ಟಿಕೊಂಡಿದ್ದನೆಂದರೆ, ಅವನು ನಡೆದರೆ ಎತ್ತಿನಗಾಡಿ ಬಂತೆಂದು ಜನ ಪಕ್ಕಕ್ಕೆ ಸರಿಯುತ್ತಿದ್ದರು. ಜನ ಅವನಿಗೆ ಬೀಗದಪ್ಪ ಎಂದು ಹೆಸರಿಟ್ಟರು. "ಖಾಲಿ ಮಾಡಿ" ಎಂದ ಬೀಗದಪ್ಪ.

ಆಗ ಬಂದವಳು ವಕೀಲಮ್ಮ. ಹಳೆಯ ಸ್ಕೂಟರು, ಮೆತ್ತನೆಯ ದನಿ, ಚಪ್ಪಲಿಗೆ ಪಿನ್ನು. ಮುಚ್ಚಿದ ಕಾರ್ಖಾನೆಗಳ ಮನೆಗಳಲ್ಲಿ ಜೀವಮಾನವಿಡೀ ಬಾಡಿಗೆ ಕಟ್ಟಿಕೊಂಡು ಬದುಕಿದವರಿಗೆ ಆ ಮನೆ ಅವರ ಹೆಸರಿಗೇ ಆಗಬೇಕು, ಹಾಗೊಂದು ಕಾನೂನಿದೆ ಎಂದಳು. ಯಾರೂ ನಂಬಲಿಲ್ಲ. ಅವಳು ಸಾಲಿನ ಪ್ರತಿ ಬಾಗಿಲಿಗೂ ಹೋಗಿ ಅರ್ಜಿ ಬರೆಸಿಕೊಂಡಳು.

"ಸರ್ವೆ ಸಾಹೇಬರು ನೋಡೋಕೆ ಬರ್ತಾರೆ. ಪ್ರತಿಯೊಂದೂ ಬೇರೆ ಬೇರೆ ಮನೆ ಅನ್ನೋದು ಅವರಿಗೆ ಕಾಣಬೇಕು, ಅಷ್ಟೇ ಷರತ್ತು" ಎಂದಳು.

"ಬೇರೆ ಬೇರೆ ಅಲ್ಲದೆ ಇನ್ನೇನು? ನಾನು ಆ ಕರಣೆ ಜೊತೆ ಒಂದೇ ಮನೇಲಿ ಇರ್ತೀನಾ?" ಎಂದು ಕೆಂಡಮ್ಮ ಕೇಳಿದಳು.

"ಇರು ಅಂದರೂ ನಾನು ಇಟ್ಕೋಬೇಕಲ್ಲ" ಎಂದು ಗೋಡೆಯ ಮೇಲಿಂದ ಉತ್ತರ ಬಂತು.

ಸಾಹೇಬರು ಬಂದರು. ಅವರ ಅಂಗಿಯನ್ನು ಅದೇ ಬೆಳಿಗ್ಗೆ ಕೆಂಡಮ್ಮನೇ ಇಸ್ತ್ರಿ ಮಾಡಿದ್ದಳು. ಆ ಮಡಿಕೆಯ ಅಂಚಿನಲ್ಲಿ ಸೌತೆಕಾಯಿ ಕೊಯ್ಯಬಹುದಿತ್ತು. ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದೇ? ಸಾಹೇಬರನ್ನು ಕೆಂಡಮ್ಮ ತನ್ನ ಮನೆಯ ಏಕೈಕ ಕುರ್ಚಿಯ ಮೇಲೆ ಕೂರಿಸಿ ಸ್ಟವ್ ಹಚ್ಚಿದಳು. ಹಾಲು ಸಾಲದು. "ಏಯ್, ಹಾಲು!" ಎಂದಳು. ಕರಣೆಯ ಕೈ ಗೋಡೆಯ ಮೇಲಿಂದ ಹಾಲಿನ ತಂಬಿಗೆ ನೀಡಿತು. ಅತ್ತ ಕಡೆಯ ಮನೆಯಿಂದ ಸಕ್ಕರೆ ಡಬ್ಬಿ ಬಂತು. ಅದರಾಚೆಯವರು, ಸಾಹೇಬರಿಗೆ ಗಾಜಿನ ಲೋಟದಲ್ಲಿ ಕೊಡುವುದು ಚೆನ್ನಾಗಿರಲ್ಲ ಎಂದು, ಮಗಳ ಮದುವೆಗೆ ತೆಗೆದಿಟ್ಟಿದ್ದ ಪಿಂಗಾಣಿ ಕಪ್ಪನ್ನು ಗೋಡೆಯಿಂದ ಗೋಡೆಗೆ ದಾಟಿಸಿ ಕಳಿಸಿದರು. ತುದಿಮನೆಯ ತಾತ ತಾನೇನು ಕಡಿಮೆ ಎಂದು ಬಿಸ್ಕತ್ತು ಸಾಗಹಾಕಿದ. ಮರ್ಯಾದೆಯ ಮೇಲೆ ಮರ್ಯಾದೆ, ಎಲ್ಲವೂ ಸಾಹೇಬರ ತಲೆಯ ಮೇಲಿಂದ ಹಾರಾಡಿದವು. ಸಾಹೇಬರು ಕತ್ತೆತ್ತಿ ಆ ಕೈಗಳನ್ನೆಲ್ಲ ನೋಡುತ್ತ ಚಾ ಕುಡಿದರು. ಇನ್ನೊಂದು ಕಪ್ಪು ಕೇಳಿ ಕುಡಿದರು. ಬಾಯಿ ಒರೆಸಿಕೊಂಡು ಬರೆದರು: ಅಡುಗೆ ಸಾಮೂಹಿಕ, ಗೋಡೆಗಳು ಅಪೂರ್ಣ, ಇದು ಮರೆ ಕಟ್ಟಿದ ಒಂದೇ ಕೊಠಡಿ, ಪ್ರತ್ಯೇಕ ಮನೆಗಳಿಲ್ಲ.

ವಕೀಲಮ್ಮ ಅದನ್ನು ಸಾಲಿಗೆಲ್ಲ ಓದಿ ಹೇಳಿದಳು. ಗೇಟಿನ ಬಳಿ ನಿಂತಿದ್ದ ಬೀಗದಪ್ಪ ಹೊಟ್ಟೆ ಅಲ್ಲಾಡಿಸಿಕೊಂಡು ನಕ್ಕ. ಬೀಗದ ಕೈಗಳೂ ನಕ್ಕವು.

"ಇದು ಮನೇನೇ ಅಲ್ಲವಂತೆ ಕೆಂಡಮ್ಮ. ಕೊಟ್ಟಿಗೆಯಂತೆ."

ಕೆಂಡಮ್ಮ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಡಲಿಲ್ಲ. ಅದನ್ನು ಹಿಡಿದುಕೊಂಡೇ ಗೇಟಿನವರೆಗೆ ಹೋದಳು. ದಾರಿಯ ಹುಲ್ಲು ಬಾಡಿತೆಂದು ನೋಡಿದವರು ಹೇಳುತ್ತಾರೆ.

"ಗೋಡೆ ಗಿಡ್ಡ ಮಾಡಿದ್ದು ನಾವಾ?" ಎಂದಳು. "ಇಟ್ಟಿಗೆ ಉಳಿಸಿದ್ದು ನಿಮ್ಮ ದೊಡ್ಡಯ್ಯ. ನನ್ನ ಗಂಡನ ಉಸಿರು ಹೋಗ್ತಾ ಇರುವಾಗ ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತಿದ್ದೀನಿ. ಯಾಕೆ ಗೊತ್ತಾ? ಆ ಕಡೆ ಈ ಕರಣೆ ಕೂಸು ಆಗತಾನೇ ನಿದ್ದೆ ಹೋಗಿತ್ತು. ಹೆತ್ತಾಗ ಕಿರುಚಲಿಲ್ಲ, ಸತ್ತಾಗ ಕಿರುಚಲಿಲ್ಲ. ನಿಮ್ಮ ನಾಲ್ಕು ಸಾಲು ಇಟ್ಟಿಗೆ ಉಳೀಲಿ ಅಂತ ನಾವು ನಾಲ್ಕು ಗೋಡೆ ಒಳಗೂ ಬೀದೀಲಿ ಬದುಕಿದ್ದೀವಿ. ಈಗ ಅದೇ ಗೋಡೆ ತೋರಿಸಿ ಇದು ಮನೆ ಅಲ್ಲ ಅಂತೀಯಾ? ಬಾಡಿಗೆ ಈಸ್ಕೊಳ್ಳುವಾಗ ಇದು ಮನೆ ಆಗಿತ್ತಲ್ಲ!"

ಬೀಗದಪ್ಪ ಒಂದು ಹೆಜ್ಜೆ ಹಿಂದೆ ಇಟ್ಟ. ಆದರೆ ನಗು ನಿಲ್ಲಿಸಲಿಲ್ಲ.

ಸಾಲಿನಲ್ಲಿ ಎಂದೂ ಏರದ ವಕೀಲಮ್ಮನ ದನಿ ಅಂದು ಏರಿತು. "ಚಾ ಕೊಟ್ಟಿದ್ದು ತಪ್ಪಲ್ಲ. ಅದನ್ನ ಕುಡಿದು ಹೀಗೆ ಬರೆದಿದ್ದು ತಪ್ಪು" ಎಂದವಳು ನೇರ ಮೇಲಿನ ಕಚೇರಿಗೆ ಹೋಗಿ ಜಗಳವಾಡಿ ಇನ್ನೊಮ್ಮೆ ಪರಿಶೀಲನೆಗೆ ಆದೇಶ ತಂದಳು. "ಅವರು ಬಂದ ದಿನ ಹೇಗಿದೆಯೋ ಹಾಗೆ ಬರೀಬೇಕು. ಮನೆ ಒಳಗಿನ ರಿಪೇರಿ ಬಾಡಿಗೆದಾರರ ಹಕ್ಕು, ಅದನ್ನೂ ಆದೇಶದಲ್ಲಿ ಬರೆಸಿದ್ದೀನಿ. ಗೋಡೆ ಏರಿಸಿ."

ಏರಿಸುವುದು ಹೇಗೆ? ಮನೆಯೊಳಗೆ ಬೀಗದಪ್ಪ ಕಾಲಿಡುವ ಹಾಗಿರಲಿಲ್ಲ. ಆದರೆ ಗೇಟು, ಗೇಟಿನಿಂದ ಬರುವ ದಾರಿ ಇನ್ನೂ ಗಿರಣಿಯದೇ. ಅವನು ಅಲ್ಲಿಯೇ ಕುರ್ಚಿ ಹಾಕಿಕೊಂಡು ಕೂತ. "ಒಂದು ಹಿಡಿ ಮರಳು ಒಳಗೆ ಹೋಗಲಿ ನೋಡೋಣ. ನನ್ನ ಕಣ್ಣು ತಪ್ಪಿಸಿ ಇರುವೆ ಕೂಡ ಹೋಗಲ್ಲ" ಎಂದು ಊರಿಗೆಲ್ಲ ಸಾರಿದ. ಅದರ ಮೇಲೆ ದೂರು ಕೊಟ್ಟು ತೀರ್ಮಾನ ಬರುವಷ್ಟರಲ್ಲಿ ಸಾಹೇಬರು ಬಂದು ಹೋಗಿರುತ್ತಿದ್ದರು.

ಬೀಗದಪ್ಪ ಎಲ್ಲರ ಚೀಲ ತಡವಿದ, ಬುತ್ತಿಯ ಡಬ್ಬಿ ತೆಗೆಸಿ ಮೂಸಿದ. ತಡವದೆ ಬಿಟ್ಟದ್ದು ಒಂದೇ: ಕೆಂಡಮ್ಮನ ಬಟ್ಟೆಗಂಟು. ಅದಕ್ಕೆ ಕೈಹಾಕಲು ಹೋದ ಮೊದಲ ದಿನವೇ ಅವಳು "ಮುಟ್ಟು. ಸಾಹೇಬರ ಅಂಗಿಗೆ ನಿನ್ನ ಕೈಕೊಳೆ ಹತ್ತಿದರೆ ಯಾರ ಕೊಳೆ ಅಂತ ಅವರಿಗೆ ಹೇಳೋದು ನಾನೇ" ಎಂದಿದ್ದಳು. ಅವನು ಕೈ ಹಿಂದೆಳೆದುಕೊಂಡ. ಅಲ್ಲಿಂದ ಮುಂದೆ ಗುಮಾಸ್ತರ ಪ್ಯಾಂಟಿನ ಕಾಲುಗಳಲ್ಲಿ ಮರಳು ಬಂತು. ಮೇಷ್ಟರ ಪಂಚೆಯಲ್ಲಿ ಸಿಮೆಂಟು ಬಂತು. ಸಾಹೇಬರ ಅಂಗಿಗಳ ತೋಳುಗಳಲ್ಲಿ, ದಾರದಿಂದ ಬಾಯಿ ಕಟ್ಟಿಕೊಂಡು, ಇನ್ನಷ್ಟು ಸಿಮೆಂಟು ಬಂತು. ಕೊಳೆ ಅಂಗಿಯಲ್ಲಿ ಬಂದ ಸಿಮೆಂಟನ್ನು ಸುರಿದುಕೊಂಡು ಒಗೆದು, ಇಸ್ತ್ರಿ ಮಾಡಿ, ಎಂದಿನಂತೆ ಮಡಚಿ ಕಳಿಸುತ್ತಿದ್ದಳು. ಎಷ್ಟೇ ಜಾಡಿಸಿದರೂ ಕಾಲರಿನ ಒಳಗೆ ಒಂದಿಷ್ಟು ಉಳಿಯುತ್ತಿತ್ತು. ಆ ತಿಂಗಳು ಊರಿನ ಕಚೇರಿಗಳಲ್ಲಿ ಯಾರೂ ಕತ್ತು ಬಗ್ಗಿಸಿ ಮಾತಾಡಲಿಲ್ಲ, ಬಗ್ಗುತ್ತಿರಲಿಲ್ಲ.

ಇಟ್ಟಿಗೆಗಳನ್ನು ಹಿತ್ತಲಿನಲ್ಲಿ ಬಿದ್ದುಹೋಗಿದ್ದ ಬಚ್ಚಲ ಗೋಡೆಯಿಂದ ಆರಿಸಿ ತಂದರು. ಕಟ್ಟುವವಳು ಕರಣೆ. ಅವಳಿಗೆ ಸಾಟಿ ಇರಲಿಲ್ಲ; ಸಿಮೆಂಟು ಅವಳನ್ನು ಕಂಡರೆ ತಾನಾಗಿಯೇ ಮಟ್ಟವಾಗಿ ಕೂರುತ್ತಿತ್ತು. ಒಂದು ಮನೆಯಿಂದ ಇನ್ನೊಂದಕ್ಕೆ ಗೋಡೆ ಏರಿಸುತ್ತ ಬಂದಳು. ತೊಂದರೆ ಒಂದೇ, ಸದ್ದು. ಇಟ್ಟಿಗೆಗೆ ಕರಣೆಯ ಹಿಡಿಯಿಂದ ಕುಟ್ಟಿದರೆ ಟಕ್ ಎನ್ನುತ್ತದೆ, ತಗಡಿನ ಮಾಡು ಆ ಟಕ್ ಅನ್ನು ಹಿಡಿದು ಗೇಟಿನವರೆಗೆ ಕೊಂಡೊಯ್ಯುತ್ತದೆ. ಬೀಗದಪ್ಪ ಕಿವಿ ನಿಮಿರಿಸಿ ಎದ್ದು ನಿಂತ.

"ಲೇ ಕರಣೆ!" ಎಂದು ಕೆಂಡಮ್ಮ ಕೂಗಿದಳು. "ನನ್ನ ಬಕೆಟ್ಟು ತೂತು ಮಾಡಿದವಳೇ!"

ಬೀಗದಪ್ಪ ಮತ್ತೆ ಕೂತ. "ಓ, ಅದಾ" ಎಂದು ಕಿವಿಗೆ ಹತ್ತಿ ಇಟ್ಟುಕೊಂಡ. ಆ ಜಗಳ ಎಲ್ಲರಿಗೂ ಗೊತ್ತಿದ್ದದ್ದೇ.

ಅಂದಿನಿಂದ ಕರಣೆ ಇಟ್ಟಿಗೆ ಕುಟ್ಟಿದಷ್ಟು ಹೊತ್ತೂ ಜಗಳ ನಡೆಯಿತು. ಹಾಗೆ ನೋಡಿದರೆ ಅದು ನಾಟಕವಾಗಬೇಕಿತ್ತು. ಆದರೆ ಇಬ್ಬರಿಗೂ ನಾಟಕ ಬರುತ್ತಿರಲಿಲ್ಲ. ಹಳೆಯ ಬೈಗುಳ ಮುಗಿದು ಹೊಸವು ಹುಟ್ಟಿದವು. ಮದುವೆಯ ಮನೆಯಲ್ಲಿ ಊಟದ ಎಲೆಗೆ ಕರೆಯದೆ ಬಿಟ್ಟದ್ದು, ಮಾವನಿಗೆ ಚಾಡಿ ಹೇಳಿದ್ದು, ಬಾಣಂತಿಗೆ ಎಣ್ಣೆ ಕಳಿಸದೆ ಇದ್ದದ್ದು, ಎಲ್ಲ ಹೊರಬಿತ್ತು. ಅವರ ಬಾಯಿಗೆ ಹೆದರಿ ಮೋಡ ಕೂಡ ಆ ವಾರ ಊರಾಚೆಗೆ ಮಳೆ ಸುರಿಸಿ ಹೋಯಿತು.

ಕಡೆಗೆ ಉಳಿದದ್ದು ಅವರಿಬ್ಬರ ನಡುವಿನ ಗೋಡೆ. ಅಷ್ಟರಲ್ಲಿ ಇಟ್ಟಿಗೆ ಮುಗಿಯಿತು. ಸಾಹೇಬರು ಮರುದಿನ ಬರುವವರಿದ್ದರು.

"ಅಕ್ಕ, ಇಟ್ಟಿಗೆ ಸಾಲದು" ಎಂದಳು ಕರಣೆ. ಬೈಯುವಾಗಲೂ ಅವಳು ಅಕ್ಕ ಎಂದೇ ಕರೆಯುತ್ತಿದ್ದಳು. ಎಷ್ಟಾದರೂ ವಾರಗಿತ್ತಿಯರಲ್ಲಿ ಹಿರಿಯಳಲ್ಲವೇ. "ನಮ್ಮದು ಒಂದು ಗಿಡ್ಡ ಉಳಿದರೆ ಇಬ್ಬರ ಮನೆಯೂ ಹೋಯ್ತು."

ಕೆಂಡಮ್ಮ ಹೊರಗೆ ಬಂದು ತನ್ನ ಕಟ್ಟೆಯನ್ನು ನೋಡಿದಳು. ಅದನ್ನು ಗಂಡ ಕಟ್ಟಿದ್ದ, ಗಿರಣಿಯಿಂದ ಬಂದು ದಿನಕ್ಕೊಂದಿಷ್ಟು. ಗಾರೆ ಬಾರದವನ ಕೆಲಸ, ಒಂದು ಕಡೆ ವಾಲಿತ್ತು. ಆ ಓರೆಗೆ ಸರಿಯಾಗಿ ಅವಳ ಸೊಂಟವೂ ವಾಲಲು ಕಲಿತಿತ್ತು. ಅವಳ ಅನ್ನ ಹುಟ್ಟುತ್ತಿದ್ದದ್ದು ಅದರ ಮೇಲೆ. ಅವಳು ಕಂಬಳಿ ತೆಗೆದು ಮಡಚಿದಳು. ಹಾರೆ ತಂದಳು.

"ಏನು ಕೆಂಡಮ್ಮ, ಅಂಗಡಿ ಕಿತ್ತುಹಾಕ್ತಾ ಇದ್ದೀಯಾ? ಬುದ್ಧಿ ಬಂತು ಅನ್ನು" ಎಂದು ಗೇಟಿನಿಂದ ಬೀಗದಪ್ಪ ಕೇಳಿದ.

"ಬಂತು" ಎಂದಳು ಕೆಂಡಮ್ಮ. ಹಾರೆಯ ಒಂದೊಂದು ಏಟಿಗೂ ಅವಳ ಹಲ್ಲು ಕಚ್ಚಿದ ಸದ್ದು ಕೇಳುತ್ತಿತ್ತು. ಕಟ್ಟೆ ಒಡೆಯುವಷ್ಟು ಹೊತ್ತೂ ಅವಳು ಯಾರನ್ನೂ ಬೈಯಲಿಲ್ಲ. ಅದನ್ನು ಕಂಡು ಸಾಲುಮನೆಯವರು ಮಕ್ಕಳನ್ನು ಒಳಗೆ ಕರೆದುಕೊಂಡರು.

ಕಂಬಳಿಯಲ್ಲಿ ಸುತ್ತಿಕೊಂಡು ಇಟ್ಟಿಗೆ ಒಳಗೆ ಹೋಯಿತು. ಕೆಂಡಮ್ಮ ಈ ಕಡೆ ಸ್ಟೂಲಿನ ಮೇಲೆ ನಿಂತು ಇಟ್ಟಿಗೆ ನೀಡಿದಳು, ಕರಣೆ ಆ ಕಡೆ ಏಣಿಯ ಮೇಲೆ ನಿಂತು ಕೂರಿಸಿದಳು. ನಡುವಿನ ಖಾಲಿ ಕಿರಿದಾಗುತ್ತ ಬಂತು. ಮೊದಲು ಕರಣೆಯ ಸೊಂಟ ಮರೆಯಾಯಿತು, ಆಮೇಲೆ ಭುಜ, ಆಮೇಲೆ ಬಾಯಿ. ಬಾಯಿ ಮರೆಯಾದರೂ ಮಾತು ಮರೆಯಾಗಲಿಲ್ಲ.

"ನೆಟ್ಟಗೆ ಹಿಡೀರಿ ಅಕ್ಕ. ಇಟ್ಟಿಗೆ ಹಿಡ್ಕೊಳ್ಳೋದು ಅಂದರೆ ಅಂಗಿ ಕಾಲರ್ ಹಿಡಿದ ಹಾಗಲ್ಲ."

"ನೀನು ಕಲಿಸ್ತೀಯಾ ನನಗೆ? ಬಕೆಟ್ಟು ತೂತು ಮಾಡೋದು ಬಿಟ್ಟರೆ ನಿನಗೇನು ಬರುತ್ತೆ?"

ಕಡೆಯ ಒಂದು ಇಟ್ಟಿಗೆಯ ಜಾಗ ಉಳಿಯಿತು. ಆ ಕಂಡಿಯಲ್ಲಿ ಕರಣೆಯ ಎರಡು ಕಣ್ಣು ಮಾತ್ರ ಕಂಡವು, ಸಿಮೆಂಟಿನ ಧೂಳಿಗೆ ಕೆಂಪಾದವು. "ಅಯ್ಯೋ, ನಿಮ್ಮಂಥ ಜಗಳಗಂಟಿ ಪಕ್ಕದಲ್ಲಿ ಇಷ್ಟು ವರ್ಷ ಬಾಳಿದ್ದಕ್ಕೇ ನನಗೆ..." ಎನ್ನುತ್ತ ಅವಳು ಇಟ್ಟಿಗೆ ತಳ್ಳಿದಳು. ಅದು ಸೂರಿಗೆ ತಾಗಿ ಕೂತಿತು. ಮಾತು ಆ ಕಡೆಯೇ ಉಳಿಯಿತು.

"ಏನೇ? ಏನಂದೆ?" ಎಂದು ಕೆಂಡಮ್ಮ ಗೋಡೆ ಬಡಿದಳು.

ಮರುದಿನ ಸಾಹೇಬರು ಬಂದರು, ಕತ್ತು ತಿರುಗಿಸದೆ, ಇಡೀ ಮೈಯನ್ನೇ ತಿರುಗಿಸಿ ನೋಡುತ್ತ. ಹಿಂದೆ ಬೀಗದಪ್ಪ, ಪಕ್ಕದಲ್ಲಿ ವಕೀಲಮ್ಮ. ಕೆಂಡಮ್ಮನ ಮನೆಯೊಳಗೆ ಕಾಲಿಟ್ಟ ಸಾಹೇಬರು ಮೇಲೆ ನೋಡಿದರು. ಬೀಗದಪ್ಪನೂ ನೋಡಿದ. ಅವನ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು; ಒಂದು ಗುಬ್ಬಿ ಗೂಡು ಕಟ್ಟಲು ಜಾಗ ನೋಡಿಕೊಂಡು ಹೋಯಿತು.

"ಇದು ಮೊನ್ನೆ ಕಟ್ಟಿದ್ದು ಸಾರ್! ಕಳ್ಳತನದಲ್ಲಿ!"

"ಸಾಮಾನು ಎಲ್ಲಿಂದ ಬಂತು?" ಎಂದು ವಕೀಲಮ್ಮ ಕೇಳಿದಳು. "ನಿಮ್ಮ ಕಣ್ಣು ತಪ್ಪಿಸಿ ಇರುವೆ ಕೂಡ ಹೋಗಲ್ಲ ಅಂತ ಊರಿಗೆಲ್ಲ ಹೇಳಿದ್ದೀರಿ."

"ಒಂದು ಹಿಡಿ ಮರಳೂ ಹೋಗಿಲ್ಲ!" ಎಂದು ಬೀಗದಪ್ಪ ಎದೆಯುಬ್ಬಿಸಿದ. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು. ಎದೆ ಇಳಿಯಿತು.

"ಮೊನ್ನೆ ಕಟ್ಟಿದ್ದಾದರೂ ಸರಿ" ಎಂದಳು ವಕೀಲಮ್ಮ. "ಒಳಗಿನ ರಿಪೇರಿ ಅವರ ಹಕ್ಕು. ಇವತ್ತು ಹೇಗಿದೆ ಅನ್ನೋದನ್ನ ಬರೀಬೇಕು ಅಂತ ಆದೇಶ. ಸಾಹೇಬರೇ ನೋಡಲಿ."

ಬೀಗದಪ್ಪ ಪಕ್ಕದ ಮನೆಗೆ ನುಗ್ಗಿದ. ಏಣಿ ಎಳೆದು ಹತ್ತಿ, ಬೀಗದ ಕೈಗಳಿಂದ ಇಟ್ಟಿಗೆಗಳನ್ನು ಒಂದೊಂದಾಗಿ ಬಡಿಯತೊಡಗಿದ. ಟಕ್, ಟಕ್, ಟಕ್. ಇನ್ನೇನು ಕಡೆಯದಕ್ಕೆ ಕೈ ಹೋಗಬೇಕು, ಕರಣೆ ಗುಡುಗಿದಳು: "ಇಳಿಯೋ ಕೆಳಗೆ! ಒಂಟಿ ಹೆಂಗಸಿನ ಅಡುಗೆಮನೇಲಿ ಚಪ್ಪಲಿ ಕಾಲಲ್ಲಿ ಏಣಿ ಹತ್ತುತೀಯಾ? ಸಾಹೇಬರೇ, ಇದು ನನ್ನ ಮನೆ ಹೌದೋ ಅಲ್ಲವೋ ಆಮೇಲೆ ಬರೀರಿ. ಇವನನ್ನ ಯಾರು ಒಳಗೆ ಕರೆದಿದ್ದು ಅದನ್ನ ಮೊದಲು ಬರೀರಿ!"

ಸಾಹೇಬರೇ "ಇಳಿಯಪ್ಪ" ಎಂದರು. ಇಳಿದ.

ಎಲ್ಲ ಮನೆ ನೋಡಿ ಮುಗಿಯುವಾಗ ಬಿಸಿಲೇರಿತ್ತು. ಸಾಹೇಬರು ಕೆಂಡಮ್ಮನ ಬಾಗಿಲಲ್ಲಿ ನಿಂತು ಕಾಲರ್ ಸಡಿಲಿಸಲು ನೋಡಿದರು, ಅದು ಸಡಿಲವಾಗಲಿಲ್ಲ. ಒಣಗಿದ ತುಟಿ ಸವರಿಕೊಂಡರು.

"ಹೋದ ಸಲ ಚಾ ಚೆನ್ನಾಗಿತ್ತಮ್ಮ."

ಸಾಲುಮನೆಯ ಅಷ್ಟೂ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಯಾರ ಕೈಯೂ ಅಲ್ಲಾಡಲಿಲ್ಲ.

"ಸ್ಟವ್ ನನ್ನ ಹತ್ತಿರ ಇದೆ ಸ್ವಾಮಿ. ಹಾಲಿಲ್ಲ" ಎಂದಳು ಕೆಂಡಮ್ಮ. "ಹಾಲು ಅವಳ ಮನೇಲಿದೆ, ಅದು ಬೇರೆ ಮನೆ. ಸಕ್ಕರೆ ಇನ್ನೊಬ್ಬರ ಮನೇಲಿದೆ, ಅದೂ ಬೇರೆ ಮನೆ. ಹೋದ ಸಲ ಒಟ್ಟು ಮಾಡಿ ಕೊಟ್ಟೆವು. ನೀವು ಕುಡಿದು, ಅದೇ ಬಾಯಿ ಒರೆಸಿಕೊಂಡು, ನಮ್ಮ ಮನೆ ಅಳಿಸಿ ಹೋದಿರಿ. ಇನ್ನು ಮೇಲೆ ನಮ್ಮ ಅಡುಗೆ ನಮ್ಮ ನಮ್ಮದು. ನಿಮ್ಮ ಚಾ ನಿಮ್ಮ ಮನೇಲಿ. ಬರೀರಿ."

ಸಾಹೇಬರ ಮುಖ ಮೊದಲ ಸಲ ಅವರ ಅಂಗಿಗಿಂತ ಬೆಳ್ಳಗಾಯಿತು. ಬರೆದರು: ಪ್ರತ್ಯೇಕ ಮನೆಗಳು.

ವಕೀಲಮ್ಮ ಕಚೇರಿ ಬಿಟ್ಟು ಕದಲದೆ ಮರುದಿನವೇ ಹಕ್ಕುಪತ್ರ ತಂದಾಗ ಸಾಲುಮನೆಯವರು ಹಾಕಿದ ಕೂಗಿಗೆ ಬೀಗದಪ್ಪನ ಸೊಂಟದ ಬೀಗದ ಕೈಗಳೆಲ್ಲ ಒಂದೇ ಸಲ ಕಳಚಿ ಬಿದ್ದವಂತೆ. ಅವನು ಅವನ್ನು ಆರಿಸಿಕೊಂಡು ಹೋದವನು ಆ ಕಡೆ ಮತ್ತೆ ತಲೆ ಹಾಕಲಿಲ್ಲ. ಕೆಂಡಮ್ಮ ತನ್ನ ಹಕ್ಕುಪತ್ರವನ್ನು ಇಸ್ತ್ರಿ ಮಾಡಿ, ಸುಕ್ಕಿಲ್ಲದಂತೆ ಪೆಟ್ಟಿಗೆಯಲ್ಲಿಟ್ಟಳು.

ಬಾಗಿಲು ಹಾಕಿಕೊಂಡು ಕೂತಳು. ಮನೆ ಅವಳದು, ನೆಲ ಅವಳದು, ಸೂರು ಮುಟ್ಟಿದ ಗೋಡೆ ಅವಳದು. ಯಾರ ಕೆಮ್ಮೂ ಕೇಳಿಸಲಿಲ್ಲ, ಯಾರ ಒಗ್ಗರಣೆಯೂ ಮೂಗಿಗೆ ಬರಲಿಲ್ಲ. ಇಷ್ಟು ವರ್ಷ ಇದನ್ನೇ ಅಲ್ಲವೇ ಅವಳು ಬೇಡಿದ್ದು? ಒಂದು ದಿನ ಸುಖವಾಗಿತ್ತು. ಎರಡನೆಯ ದಿನ ಬೆಳಿಗ್ಗೆ ಚಾ ಗಂಟಲಲ್ಲಿ ಸಿಕ್ಕಿಕೊಂಡಿತು. ಬಾಳಿದ್ದಕ್ಕೇ ನನಗೆ... ಏನು? ನನಗೆ ತಲೆ ಕೆಟ್ಟಿತು ಅಂತಲಾ? ಅವಳ ಬಾಗಿಲಿಗೆ ಹೋಗಿ ಕೇಳುವುದೇ? ಹೊಸ್ತಿಲು ತುಳಿಯುವುದೇ? ಸಾಯುವುದು ಲೇಸು. ನೆಲದ ಮೇಲೆ ಕಂಬಳಿ ಹಾಸಿಕೊಂಡು, ಮೊಣಕಾಲೂರಿ ಇಸ್ತ್ರಿ ಮಾಡುತ್ತ ಅವಳು ಗೋಡೆಯನ್ನೇ ಗುರಾಯಿಸಿದಳು. ಆ ದೃಷ್ಟಿಗೆ ಸುಣ್ಣ ಚಕ್ಕೆಯೆದ್ದು ಉದುರಿತು.

ಕಡೆಗೆ ತಡೆಯಲಾಗಲಿಲ್ಲ. ಅರ್ಧ ಗೋಡೆ ನನ್ನದು, ನನ್ನ ಅರ್ಧವನ್ನು ನಾನು ಏನು ಬೇಕಾದರೂ ಮಾಡುತ್ತೇನೆ, ಸರ್ಕಾರವೇ ಬರೆದುಕೊಟ್ಟಿದೆ! ಸ್ಟೂಲು ಹತ್ತಿ, ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆಯ ಮೂತಿಯಿಂದ ಕಡೆಯ ಇಟ್ಟಿಗೆಗೆ ಕುಟ್ಟಿದಳು, ಗೋಡೆಯೇ ಉರುಳಲಿ ಎನ್ನುವ ಹಾಗೆ. ಗೋಡೆ ಮಿಸುಕಲಿಲ್ಲ. ಇಟ್ಟಿಗೆ ಮಾತ್ರ ಹಾಲುಹಲ್ಲಿನಂತೆ ಸಲೀಸಾಗಿ ಆ ಕಡೆಗೆ ಜಾರಿತು. ಅದಕ್ಕೆ ಸಿಮೆಂಟೇ ಹಾಕಿರಲಿಲ್ಲ.

ಬೀಳಲಿಲ್ಲ ಅದು. ಆ ಕಡೆ ಏಣಿಯ ಮೇಲೆ ನಿಂತಿದ್ದ ಕೈಯೊಂದು ಅದನ್ನು ಹಿಡಿದುಕೊಂಡಿತು. ಕಂಡಿಯಲ್ಲಿ ಎರಡು ಕಣ್ಣು ಬಂದವು, ಕೆಂಡದಂತೆ ಉರಿಯುತ್ತ.

"ಎರಡು ದಿನ ಬೇಕಾಯ್ತಾ ನಿಮಗೆ? ಇಲ್ಲಿ ನಿಂತು ನಿಂತು ನನ್ನ ಕಾಲು ಬಿದ್ದುಹೋಯ್ತು!"

"ಅದಿರಲಿ, ಮೊದಲು ಮಾತು ಮುಗಿಸೇ! ಬಾಳಿದ್ದಕ್ಕೇ ನನಗೆ... ಏನು?"

"ನಿಮ್ಮಂಥ ಜಗಳಗಂಟಿ ಪಕ್ಕದಲ್ಲಿ ಇಷ್ಟು ವರ್ಷ ಬಾಳಿದ್ದಕ್ಕೇ ನನಗೆ" ಎಂದು ಕರಣೆ ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದಳು, "ಯಾವತ್ತೋ ಹಕ್ಕುಪತ್ರ ಕೊಡಬೇಕಿತ್ತು!"